ಗಡಿ ದಾಟದ ಗೊರಕೆ

ಕಿವಿಯಮ್ಮ ಎಂಬುದು ಅವಳಿಗೆ ಕಚೇರಿಯವರು ಇಟ್ಟ ಹೆಸರು. ಕೆಲಸವೇ ಅಂಥದ್ದು. ಅಕ್ಕಪಕ್ಕದ ಕೆಲವು ದೇಶಗಳು ಸೇರಿ ಒಂದು ಧ್ವನಿಭಂಡಾರ ಮಾಡಿಕೊಂಡಿದ್ದವು. ಜನ ತಾವಾಗಿ ಒಪ್ಪಿ ಕೊಟ್ಟ ಕೆಮ್ಮು, ಏದುಸಿರು, ಗೊರಕೆ ಎಲ್ಲ ಅಲ್ಲಿ ಬಂದು ಬೀಳುತ್ತಿದ್ದವು. ಅವನ್ನು ಕೇಳಿ ಯಾವ ದೇಶದವರು ಮದ್ದು ಕಂಡುಹಿಡಿದರೂ ಲಾಭದಲ್ಲಿ ಸದ್ದು ಕೊಟ್ಟವರಿಗೆಲ್ಲ ಪಾಲುಂಟು. ಆದರೆ ಯಾರದೆಂದು ಗುರುತು ಸಿಗುವ ಸದ್ದು ಮಾತ್ರ ಗಡಿ ದಾಟುವಂತಿಲ್ಲ. ಹೆಸರು, ವಿಳಾಸವನ್ನು ಕಂಪ್ಯೂಟರೇ ಅಳಿಸುತ್ತಿತ್ತು. ಗೊರಕೆಯ ನಡುವೆ ಯಾರಾದರೂ "ಪಕ್ಕಕ್ಕೆ ಹೊರಳ್ರೀ ಪೋಸ್ಟ್‌ಮಾಸ್ಟ್ರೇ" ಎಂದು ಗದರಿದ್ದರೆ ಅದನ್ನು ಹಿಡಿಯುವುದು ಕಿವಿಯಮ್ಮನ ಪಾಲಿನ ಕೆಲಸ. ಕೇಳಿದ್ದನ್ನು ಹೊರಗೆ ಬಾಯಿಬಿಟ್ಟರೆ ಮರುದಿನದಿಂದ ಮನೆಯಲ್ಲೇ ಕೂರಬೇಕು.

ದುರದೃಷ್ಟಕ್ಕೆ ಅವಳ ಮನೆಯ ಜಗಳವೂ ಗೊರಕೆಯದ್ದೇ. ಗಂಡ ಟೈಲರ್. ಈಗ ಬಟ್ಟೆ ಹೊಲಿಸುವವರೇ ಕಡಿಮೆ, ಮನೆ ನಡೆಯುತ್ತಿದ್ದುದು ಅವಳ ಕಿವಿಯಿಂದ. ಮನುಷ್ಯ ಬಲು ಸಾಧು, ಈ ಒಂದು ವಿಷಯ ಬಿಟ್ಟು. "ನಾನಾ? ಗೊರಕೆನಾ? ನೀನು ಕನಸು ಕಂಡಿರ್ತೀಯ" ಎಂದು ಮದುವೆಯಾದಾಗಿನಿಂದ ಒಂದೇ ರಾಗ. ಕೊನೆಗೆ ಅವಳು ದಿಂಬು ಎತ್ತಿಕೊಂಡು ಹೊರಗಿನ ಸೋಫಾಕ್ಕೆ ಬಂದಳು. "ವಯಸ್ಸಾದ್ರೆ ನಿದ್ದೆ ಬರಲ್ಲ ಬಿಡು" ಎಂದು ಸಮಾಧಾನ ಬೇರೆ ಹೇಳಿದ ಪುಣ್ಯಾತ್ಮ. ಆ ಮಾತು ನೆನೆದರೆ ಅವಳಿಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಒಂದು ಮಧ್ಯಾಹ್ನ ಊಟ ಮುಗಿಸಿ ಹೆಡ್‌ಫೋನ್ ಹಾಕಿಕೊಂಡಳು. ಬಂದದ್ದು ಗೊರಕೆ. ಗರಗರ ಏರಿತು, ತುದಿಯಲ್ಲಿ ಸಣ್ಣದೊಂದು ಶಿಳ್ಳೆ ಹಾಕಿತು, ಇನ್ನೊಮ್ಮೆ ಏರಿ ತಟ್ಟನೆ ನಿಂತೇಹೋಯಿತು. ಅವಳ ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿಯಿತು. ಸದ್ದು ಮತ್ತೆ ಶುರುವಾದ ಮೇಲೆಯೇ ಅವಳೂ ಉಸಿರು ಬಿಟ್ಟದ್ದು.

ಇದು ತನ್ನ ಗಂಡನೇ. ತಾನು ಕಚೇರಿಯಲ್ಲಿದ್ದಾಗ ಕದ್ದು ಹೋಗಿ ಯಾವುದೋ ಆಸ್ಪತ್ರೆಯಲ್ಲಿ ಮಲಗಿ ಗೊರಕೆ ಕೊಟ್ಟು ಬಂದಿದ್ದಾನೆ. ಅಂದರೆ ಮಹಾನುಭಾವನಿಗೆ ಎಲ್ಲ ಗೊತ್ತಿದೆ. ಈಗಲೇ ಓಡಿ ಹೋಗಿ ನೀರಿಳಿಸಬೇಕೆನಿಸಿತು. ಬಾಯಿಬಿಟ್ಟರೆ ಕೆಲಸಕ್ಕೇ ಸಂಚಕಾರ. ಹಲ್ಲು ಕಚ್ಚಿಕೊಂಡು ‘ಗುರುತು ಸಿಕ್ಕಿದೆ, ಕಳಿಸಬೇಡಿ’ ಎಂಬ ಗುಂಡಿ ಒತ್ತಿದಳು. ಹೇಗೆ ಗುರುತು ಸಿಕ್ಕಿತೆಂದು ಬರೆಯಲೇಬೇಕು, ಅದನ್ನು ಸದ್ದು ಕೊಟ್ಟವರಿಗೂ ತಿಳಿಸುವುದು ಭಂಡಾರದ ನಿಯಮ. ಅವಳು ಸುಳ್ಳು ಬರೆಯಲಿಲ್ಲ: ‘ನಡುವೆ ಸದ್ದು ನಿಲ್ಲುತ್ತದೆ. ಮತ್ತೆ ಶುರುವಾಗುವವರೆಗೆ ನನಗೆ ಉಸಿರಾಡಲಾಗುವುದಿಲ್ಲ. ಮನೆಯಲ್ಲೂ ಹೀಗೇ.’

ಮರುದಿನ ಬೆಳಗ್ಗೆ ಕಾಫಿ ಕುಡಿಯುವಾಗ ಟೈಲರನ ಮೊಬೈಲ್ ಟಿಣ್ ಎಂದಿತು. ಓದಿದ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದ. ಲೋಟ ಕೆಳಗಿಟ್ಟ.

"ನೋಡು, ನಾನು ಗೊರಕೆ ಹೊಡೀತೀನಿ ಕಣೆ" ಎಂದ. "ನಡುವೆ ಉಸಿರೂ ನಿಲ್ಲುತ್ತಂತೆ. ಡಾಕ್ಟರ್ ಹತ್ರ ಹೋಗ್ಬೇಕು. ಒಬ್ಬನೇ ಹೋಗೋಕೆ ಭಯ, ನೀನೂ ಬಾ."

ಈ ಒಂದು ಮಾತಿಗಾಗಿ ಅವಳು ಅರ್ಧ ಆಯಸ್ಸು ಕಾದಿದ್ದಳು. ಇಂಥ ದಿನಕ್ಕೆಂದೇ ಬೈಗುಳದ ದೊಡ್ಡ ಕಂತೆ ಕಟ್ಟಿಟ್ಟಿದ್ದಳು. ಅಷ್ಟನ್ನೂ ನುಂಗಿಕೊಂಡು ಕಣ್ಣೊರೆಸಿಕೊಂಡಳು.

"ಹೌದಾ?" ಎಂದಳು. "ನಂಗೆ ಗೊತ್ತೇ ಇರ್ಲಿಲ್ಲ ರೀ."