ಫ್ಲಾಸ್ಕಿನೊಳಗಿನ ಕಿತ್ತಳೆ ಹಾಳೆ

ಮಾರ್ಚ್ 9, ಬೆಳಿಗ್ಗೆ 6.20ಕ್ಕೆ ಬರೆಯಲು ಕೂತೆ.

ನಮ್ಮ ಮಧುಗಿರಿ ಕಾಲೇಜಿನ ಲ್ಯಾಬ್ ಅಟೆಂಡರಮ್ಮನ ಬಲಗೈ ಹೆಬ್ಬೆರಳು ಸದಾ ಕಪ್ಪಗಿರುತ್ತಿತ್ತು. ಸಿಲ್ವರ್ ನೈಟ್ರೇಟಿನ ಕಲೆ. ಹಳೆಯದು ಮಾಸುವಷ್ಟರಲ್ಲಿ ಹೊಸದು ಬೀಳುತ್ತಿತ್ತು. ಅವರ ಊರು ತೆಲುಗು ಗಡಿಯ ವಳ್ಳೂರು. ಅವರ ನಾಲ್ಕು ಎಕರೆಯ ಮೇಲೆ ಈಗ ಸೋಲಾರ್ ಪಾರ್ಕಿನ ಫಲಕಗಳಿವೆ. ನನ್ನ ಎಂ.ಎಸ್ಸಿ. ಪ್ರಾಜೆಕ್ಟು ಸೌರಕೋಶದ ಹರಳು ಎಂದು ತಿಳಿದ ದಿನವೇ ನನ್ನ ಮೇಜಿನ ಬಳಿ ಬಂದರು.

"ಇದ್ರೊಳಗೆ ಏನೈತೆ ಕಣಮ್ಮ?"

ಪೆರೋವ್‌ಸ್ಕೈಟ್ ಎಂದೆ. ಸೀಸ ಮತ್ತು ಅಯೋಡಿನ್ನಿನ ಒಂದು ಪದರ, ಅದರ ಮೇಲೆ ಇಂಗಾಲದ ಉದ್ದ ಅಣುಗಳ ಪದರ, ಮತ್ತೆ ಸೀಸ. ಬಿಸಿ ಆಮ್ಲದಲ್ಲಿ ಕರಗಿಸಿ ಆರಲು ಬಿಟ್ಟರೆ ತಾವೇ ಹೀಗೆ ಜೋಡಣೆಗೊಳ್ಳುತ್ತವೆ. ಇಂಗಾಲದ ಪದರ ತೇವ ತಡೆಯುತ್ತದೆ.

"ಅಂಗಾದ್ರೆ ಚಿರೋಟಿ ಅನ್ನು. ಹಾಳೆ ಹಾಳೆ ನಡುವೆ ತುಪ್ಪ ಸವರಿದಂಗೆ."

ನನ್ನದು ಚಿರೋಟಿಯಾಗಲಿಲ್ಲ, ರವೆಯಾಯಿತು. ಹನ್ನೊಂದು ಪ್ರಯತ್ನ, ಹನ್ನೊಂದು ಸಲವೂ ಕಿತ್ತಳೆ ಪುಡಿ. ಸೋಮವಾರದೊಳಗೆ ಅಳೆಯುವಷ್ಟು ದೊಡ್ಡ ಒಂದು ಹರಳಾದರೂ ಬಾರದಿದ್ದರೆ ವಿಷಯ ಬದಲಿಸಿ ಎಂದರು ಗೈಡ್.

ಶುಕ್ರವಾರ ಅಟೆಂಡರಮ್ಮ ನನ್ನ ದಿನಚರಿ ತೆರೆದು, ಕಪ್ಪು ಬೆರಳನ್ನು ಸಾಲುಗಳ ಮೇಲೆ ಜಾರಿಸುತ್ತಾ ಓದಿದರು. 10.00, ಹಳದಿ. 10.30, ಹಳದಿ. 11.00, ಕದಡಿದೆ.

"ಇದ್ನೆಲ್ಲ ಹೆಂಗೆ ನೋಡ್ದೆ?"

"ಬಿಸಿನೀರಿನಿಂದ ಸೀಸೆ ಎತ್ತಿ, ಬೆಳಕಿಗೆ ಹಿಡಿದು."

"ಅರ್ಧ ಗಂಟೆಗೊಂದ್ಸಲ? ಅಯ್ಯೋ ತಲ್ಲೀ, ಬರ್ದೂ ಬರ್ದೂ ಕೆಡಿಸ್ಬುಟ್ಟೆ. ಎತ್ತಿದಾಗೆಲ್ಲ ತಣ್ಣಗಾಗಿ, ಹರಳು ಗಾಬರಿಬಿದ್ದು ಪುಡಿಯಾಗಿ ಉದುರ್ತವೆ. ನಿಧಾನಕ್ಕೆ ಕೂತ್ಕಳಾಕೆ ಬುಡು."

ಸ್ಟಾಫ್ ರೂಮಿನ ಹಳೆಯ ಕಾಫಿ ಫ್ಲಾಸ್ಕ್ ತಂದರು. ಬಿಸಿನೀರು ತುಂಬಿಸಿ, ಬಿಸಿ ದ್ರಾವಣ ಹಾಕಿ ಬಿಗಿಯಾಗಿ ಮುಚ್ಚಿದ ಸೀಸೆಯನ್ನು ಇಳಿಬಿಟ್ಟು, ಹೊರಗೆ ದಪ್ಪಕ್ಷರದಲ್ಲಿ 'ವಿಷ' ಎಂದು ಬರೆದರು. "ಮೇಷ್ಟ್ರುಗಳ ಕಾಫಿ ಇನ್ಮೇಲೆ ಬೇರೆ ಕಡೆ" ಎಂದು ನಕ್ಕು, ನನ್ನ ದಿನಚರಿಯನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಸೋಮವಾರ 9.05ಕ್ಕೆ ತೆರೆದೆವು. ದ್ರವದ ಮೇಲ್ಮೈಯಲ್ಲಿ ಉಗುರಗಲದ ಒಂದು ಕಿತ್ತಳೆ ಹಾಳೆ. ಅವರು ಬಹಳ ಹೊತ್ತು ನೋಡಿದರು.

"ಚೆಂದಾಗೈತೆ. ಆದ್ರೆ ಮೇಲ್ಗಡೆಯಿಂದ್ಲೇ ಯಾಕೆ ಶುರುವಾಯ್ತು? ತಳಕ್ಕೆ ಯಾಕೆ ಹೋಗ್ಲಿಲ್ಲ?"

ಓದಿ ಹೇಳುತ್ತೇನೆ ಎಂದೆ. ಓದಿದೆ, ಪೂರ್ತಿ ತಿಳಿಯಲಿಲ್ಲ. ಇನ್ನಷ್ಟು ತಿಳಿದ ಮೇಲೆ ಹೇಳೋಣವೆಂದು ತಡಮಾಡಿದೆ. ಈ ಸಂಕ್ರಾಂತಿಯ ಮರುವಾರ ಅವರು ತೀರಿಕೊಂಡರು.

ಆ ಮೊದಲ ಹಾಳೆಯ ನಂತರ ಇಲ್ಲಿಯವರೆಗೆ ಅದೇ ಫ್ಲಾಸ್ಕಿನಲ್ಲಿ ಇಪ್ಪತ್ತಮೂರು ಸಲ ಹರಳು ಬೆಳೆಸಿದ್ದೇನೆ. ಹದಿನೇಳು ಮೇಲಿನಿಂದ ಶುರುವಾದವು, ಆರು ತಳದಿಂದ. ಆ ಆರು ಯಾಕೆ ಹಾಗೆ? ತಿಳಿದವರು ದಯವಿಟ್ಟು ಬರೆದು ತಿಳಿಸಿ. ದಿನಚರಿ ಬೀರುವಿನಲ್ಲಿದ್ದ ಆ ದಿನಗಳ ಪುಟಗಳು ಇನ್ನೂ ಖಾಲಿ ಇವೆ; ಉತ್ತರವನ್ನು ಅಲ್ಲಿ ಬರೆದುಕೊಳ್ಳುತ್ತೇನೆ.