ಹಿಜಾಮ್ ಬರುವಾಗ ಎಂಜಿನ್ ತಣ್ಣಗಿರಬೇಕು

ಮಂಗಳವಾರ, ಬೆಳಗಿನ ಐದು ಗಂಟೆ ಹತ್ತು ನಿಮಿಷ. ಎಂಜಿನ್ ಬೆಚ್ಚಗಿದೆ. ಇರಬಾರದಿತ್ತು.

ಚಾಲಕರೆಲ್ಲ ಉಸ್ತಾ, ಅಂದರೆ ಮೇಸ್ತ್ರಿ, ಎಂದು ಕರೆಯುವ ಮೆಕ್ಯಾನಿಕ್ ಹಿಜಾಮ್ ಸೈಫ್ ಎಂಜಿನ್ನಿನ ಮೇಲಿಟ್ಟ ಅಂಗೈಯನ್ನು ತೆಗೆದು, ಬಗ್ಗಿ ಲಾರಿಯ ಅಡಿ ನೋಡುತ್ತಾರೆ. ನೆಲದ ಮೇಲೆ ಹೊಸ ಬೂದಿ ಇದೆ. ಚಾಲಕ ಮುಕ್ಬಿಲ್ ತಲೆಗೆ ಸುತ್ತಿದ ಶಾಲನ್ನು ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಿದ್ದಾರೆ.

"ಕೆಂಡ ಎಷ್ಟೊತ್ತಿಗೆ ಇಟ್ಟೆ?"

"ಯಾವ ಕೆಂಡ, ಉಸ್ತಾ?"

"ಹಾಗಾದ್ರೆ ನಿನ್ನ ಲಾರಿಗೆ ಜ್ವರ ಬಂದಿದೆ."

ಸಾಲಿನಲ್ಲಿ ನಿಂತ ಚಾಲಕರೊಬ್ಬರು ಕೂಗುತ್ತಾರೆ: "ಮದುಮಗಳಿಗೆ ಬಿಸಿನೀರು ಎರೆದು ತಂದಿದ್ದಾನೆ ಉಸ್ತಾ, ಒಪ್ಕೊಂಡ್ಬಿಡು!" ಎಲ್ಲರೂ ನಗುತ್ತಾರೆ. ಹಿಜಾಮ್ ನಗುವುದಿಲ್ಲ. "ನಾಳೆ ಬರ್ತೀನಿ. ರಾತ್ರಿಯಿಡೀ ತಣ್ಣಗಿರ್ಲಿ" ಎಂದಷ್ಟೇ ಹೇಳಿ ಮುಂದಿನ ಲಾರಿಯತ್ತ ಹೊರಡುತ್ತಾರೆ.

ಯೆಮನ್‌ನ ತೈಜ್ ನಗರದ ಪಶ್ಚಿಮಕ್ಕೆ, ದಬಾಬ್ ಕಣಿವೆಯ ತಳದಲ್ಲಿ ಲಾರಿಗಳು ನೀರು ತುಂಬಿಕೊಳ್ಳುವ ಬಾವಿ ಇದೆ. ಪಂಪು ಬಿಸಿಲಿನ ವಿದ್ಯುತ್ತಿನಿಂದ ಓಡುತ್ತದೆ. ಸೂರ್ಯ ಹುಟ್ಟುವವರೆಗೆ ನೀರಿಲ್ಲ. ಹಾಗಾಗಿ ಟ್ಯಾಂಕರ್‌ಗಳು ಹಿಂದಿನ ಸಂಜೆಯೇ ಬಂದು, ಬಾವಿಗಿಳಿಯುವ ಇಳಿಜಾರಿನಲ್ಲಿ ಸಾಲಾಗಿ ನಿಲ್ಲುತ್ತವೆ. ದಾರಿ ಒಂದು ಲಾರಿಯಷ್ಟೇ ಅಗಲ. ಬೆಳಗಿನ ಚಳಿಯಲ್ಲಿ ಒಂದು ಎಂಜಿನ್ ಕೈಕೊಟ್ಟರೆ ಹಿಂದಿನವೆಲ್ಲ ಅಲ್ಲಲ್ಲೇ ಉಳಿಯುತ್ತವೆ. ಬೆಚ್ಚಗಿನ ಎಂಜಿನ್ನಿನಲ್ಲಿ ದೋಷ ಕಾಣುವುದಿಲ್ಲ. ಹಾಗಾಗಿ ಒರಟಾಗಿ ಸ್ಟಾರ್ಟ್ ಆಗುವ ಲಾರಿಯನ್ನು ಹಿಜಾಮ್ ತಣ್ಣಗಿದ್ದಾಗಲೇ ಪರೀಕ್ಷಿಸಿ ಹೂಂ ಎಂದರೆ ಮಾತ್ರ ಸಾಲಿನಲ್ಲಿ ಜಾಗ. ಬಾಗಿಲ ಮೇಲೆ ಸುಣ್ಣದಲ್ಲಿ ಬರೆದ ಸಂಖ್ಯೆಯೇ ಅದರ ಗುರುತು.

ನಾಲ್ಕು ವರ್ಷಗಳ ಹಿಂದೆ ಇಲ್ಲಿ ಐವತ್ತನಾಲ್ಕು ಟ್ಯಾಂಕರ್‌ಗಳಿದ್ದವು. ಈಗ ಮೂವತ್ತೊಂದು. ಇಪ್ಪತ್ತಮೂರು ಸಂಖ್ಯೆಗಳನ್ನು ಅಳಿಸಿದ್ದು ಹಿಜಾಮ್ ಅವರ ಕೈ.

ಐವತ್ತೆಂಟು ವರ್ಷದ ಹಿಜಾಮ್ ಹಿಂದೆ ಅಳಿಸುವವರಾಗಿರಲಿಲ್ಲ. ನಗರದ ಪೂರ್ವದಲ್ಲಿ ಅವರದೇ ಗ್ಯಾರೇಜು, ಅದರಲ್ಲಿ ಬಿಡಿಭಾಗಗಳನ್ನು ಕಡೆಯುವ ಒಂದು ಲೇತ್ ಯಂತ್ರ ಇತ್ತು. ಯುದ್ಧದ ಗಡಿ ಅದೇ ಬೀದಿಯಲ್ಲಿ ಬಂದು ನಿಂತಿತು. ಗುಡ್ಡ ಹತ್ತಿದರೆ ಗ್ಯಾರೇಜಿನ ತಗಡು ಈಗಲೂ ಕಾಣುತ್ತದೆ. ಹೋಗುವ ದಾರಿಯಲ್ಲಿ ನೆಲಬಾಂಬುಗಳಿವೆ. ಈಗ ಅವರ ಗ್ಯಾರೇಜು ಒಂದು ಹಿಟ್ಟಿನ ಚೀಲ: ಆರು ಸ್ಪ್ಯಾನರ್, ಒಂದು ಸುತ್ತಿಗೆ, ಒಂದು ಊಟದ ಚಮಚ.

"ಮೊದ್ಲು ರೋಗಾನೂ ಹೇಳ್ತಿದ್ದೆ, ಮದ್ದೂ ಕೊಡ್ತಿದ್ದೆ. ಈಗ ಬರೀ ಸಾವಿನ ಸುದ್ದಿ ಹೇಳೋನು" ಎನ್ನುತ್ತಾರೆ.

ಒಮ್ಮೆ ಅವರು ಆ ಸುದ್ದಿ ಹೇಳಲಿಲ್ಲ. ಎರಡು ಚಳಿಗಾಲಗಳ ಹಿಂದೆ, ಚಾಲಕನೊಬ್ಬನ ಕಣ್ಣೀರು ನೋಡಲಾಗದೆ "ಇನ್ನೊಂದು ವಾರ ಓಡುತ್ತೆ" ಎಂದರು. ಮೂರನೆಯ ದಿನ ಅದೇ ಲಾರಿ ಇಳಿಜಾರಿನ ಬಾಯಲ್ಲಿ ನಿಂತುಬಿಟ್ಟಿತು. ಎಳೆದು ತೆಗೆಯುವಷ್ಟರಲ್ಲಿ ಮರುದಿನ ಮಧ್ಯಾಹ್ನವಾಗಿತ್ತು. ಅಷ್ಟರಲ್ಲಿ ನಗರದ ಆಸ್ಪತ್ರೆಯೊಂದರ ಟ್ಯಾಂಕು ಒಣಗಿ, ಡಯಾಲಿಸಿಸ್ ಎರಡು ಪಾಳಿ ನಿಂತಿತ್ತು. ಆ ರೋಗಿಗಳಿಗೆ ಏನಾಯಿತೆಂದು ಹಿಜಾಮ್ ವಿಚಾರಿಸಿಲ್ಲ. "ಕೇಳಿದ್ರೆ ಯಾರಾದ್ರೂ ಹೇಳ್ಬಿಡ್ತಿದ್ರು."

ಮುಕ್ಬಿಲ್ ಅವರ ಲಾರಿಯದು ಹದಿನೇಳನೆಯ ಸಂಖ್ಯೆ. ಒಂದು ಸಲಕ್ಕೆ ಆರು ಸಾವಿರ ಲೀಟರ್, ದಿನಕ್ಕೆರಡು ಸಲ, ಅರವತ್ತು ಮನೆ. ಆ ಅರವತ್ತರಲ್ಲಿ ಒಂದು ಹಿಜಾಮ್ ಅವರದು.

ಬುಧವಾರ ಎಂಜಿನ್ ಕಲ್ಲಿನಷ್ಟು ತಣ್ಣಗಿದೆ. ಮುಕ್ಬಿಲ್ ಕೀಲಿ ತಿರುಗಿಸುತ್ತಾರೆ. ಎಂಜಿನ್ ಗೊರಗೊರ ಎಂದು ಸುತ್ತಿ, ಕೆಮ್ಮಿ, ಲಾರಿಯನ್ನೆಲ್ಲ ನಡುಗಿಸುತ್ತ ಏಳುತ್ತದೆ. ಬಿಳಿ ಹೊಗೆ ಇಳಿಜಾರಿನುದ್ದಕ್ಕೂ ಹರಡುತ್ತದೆ. ಹಿಜಾಮ್ ಡೀಸೆಲ್ ಕೊಳವೆಗಳ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಬಿಗಿಯುತ್ತಾರೆ. ದುಡಿಯುವ ಸಿಲಿಂಡರಿಗೆ ಡೀಸೆಲ್ ತಪ್ಪಿಸಿದರೆ ಸದ್ದು ಕುಸಿಯಬೇಕು. ಆರು ಸಿಲಿಂಡರ್‌ಗಳಲ್ಲಿ ನಾಲ್ಕಕ್ಕೆ ಕುಸಿಯುತ್ತದೆ. ನಾಲ್ಕನೆಯದಕ್ಕೂ ಐದನೆಯದಕ್ಕೂ ಸದ್ದು ಬದಲಾಗುವುದಿಲ್ಲ.

ಆ ಎರಡಕ್ಕೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳನ್ನು ಬಿಚ್ಚಿ, ಚೆನ್ನಾಗಿರುವ ಸಿಲಿಂಡರ್‌ಗಳ ಇಂಜೆಕ್ಟರ್‌ಗಳೊಂದಿಗೆ ಅದಲುಬದಲು ಮಾಡುತ್ತಾರೆ. ದೋಷ ಇದ್ದಲ್ಲೇ ಇದೆ. ಅಂದರೆ ಇಂಜೆಕ್ಟರ್ ತಪ್ಪಿಲ್ಲ. ಮತ್ತೆ ಬಿಚ್ಚಿ, ಎರಡೂ ಸಿಲಿಂಡರಿಗೆ ಚಮಚದಲ್ಲಿ ಅಳೆದು ಎಣ್ಣೆ ಹುಯ್ದು, ಜೋಡಿಸಿ, ಕೈ ಬೀಸುತ್ತಾರೆ.

ಈ ಸಲ ಎಂಜಿನ್ ನಡುಗದೆ, ಒಂದೇ ಸಮನೆ ಏಳುತ್ತದೆ.

"ಹಿಡೀತು! ಹಿಡೀತು ಉಸ್ತಾ! ನಿನ್ನ ಕೈ ಚಿನ್ನ!" ಮುಕ್ಬಿಲ್ ಕ್ಯಾಬಿನ್ನಿನಿಂದ ಹಾರಿ ಇಳಿಯುತ್ತಾರೆ. ಯಾರೋ ಚಪ್ಪಾಳೆ ತಟ್ಟುತ್ತಾರೆ. ಹಿಜಾಮ್ ತಲೆಯೆತ್ತುವುದಿಲ್ಲ. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಎಣ್ಣೆ ಉರಿದು, ನಡುಕ ಮರಳುತ್ತದೆ.

"ನಿಲ್ಸು."

"ಈಗ್ಲೇ ಸರಿಯಿತ್ತಲ್ಲ!"

"ಸರಿಯಾಗಿದ್ದೇ ಕೆಟ್ಟದ್ದು, ಮಗಾ. ಎಣ್ಣೆ ಇದ್ದಷ್ಟು ಹೊತ್ತು ಒತ್ತಡ ಉಳೀತು. ಅಂದ್ರೆ ಒಳಗೆ ಪಿಸ್ಟನ್ ರಿಂಗೂ ಸಿಲಿಂಡರ್ ಗೋಡೇನೂ ಸವೆದ್ಹೋಗಿದೆ. ಏರ್ ಫಿಲ್ಟರ್ ಬದ್ಲು ಏನು ಕಟ್ಟಿದ್ದೆ?"

ಮುಕ್ಬಿಲ್ ಹೇಳುತ್ತಾರೆ: "ಹೆಂಡ್ತಿ ಹಳೇ ದುಪಟ್ಟಾ. ಫಿಲ್ಟರ್ ಎಲ್ಲಿ ಸಿಗುತ್ತೆ ಉಸ್ತಾ?"

"ಎಲ್ಲೂ ಸಿಗಲ್ಲ. ನಿನ್ನ ತಪ್ಪು ಅಂದ್ನಾ ನಾನು? ಎರಡು ವರ್ಷ ಧೂಳು ಕುಡಿದಿದೆ ಅದು."

"ಇನ್ನೊಂದು ವಾರ ಅಂದ್ಬಿಡು ಉಸ್ತಾ. ಒಂದೇ ವಾರ. ಇದು ನಿನ್ನ ಮನೆಗೂ ನೀರು ತರೋ ಲಾರಿ."

"ಗೊತ್ತು."

"ದಿನಾ ಕೆಂಡ ಇಟ್ಟು ಬೆಚ್ಚಗಿಡ್ತೀನಿ."

"ಡೀಸೆಲ್ ಸೋರೋ ಮೂವತ್ತು ಲಾರಿ ಮಧ್ಯೆ ಬೆಂಕಿ ಇಡ್ತೀಯಾ?"

ನಿನ್ನೆ ನಕ್ಕವರು ತಮ್ಮ ತಮ್ಮ ಲಾರಿ ಹತ್ತಿ ಕೂರುತ್ತಾರೆ. ಹಿಜಾಮ್ ಬಾಗಿಲಿನ ಹದಿನೇಳನ್ನು ಅಂಗೈಯಿಂದ ಒರೆಸುತ್ತಾರೆ. ಅಂಗೈಯ ಎಣ್ಣೆಗೆ ಸುಣ್ಣ ಮೆತ್ತಿ ಬಾಗಿಲ ಮೇಲೆ ಬೂದು ಪಟ್ಟೆ ಉಳಿಯುತ್ತದೆ.

ಏನು ಬೇಕು ನಿಮಗೆ ಎಂದು ನಾನು ಕೇಳಿದಾಗ ಅವರು ಚೀಲ ಕಟ್ಟುತ್ತಲೇ ಹೇಳುತ್ತಾರೆ: "ನನ್ನ ಲೇತ್ ಇದ್ದಿದ್ರೆ ಇದು ನಾಲ್ಕು ದಿನದ ಕೆಲ್ಸ. ಸಾಯೋ ಮುಂಚೆ ಒಂದು ಎಂಜಿನ್, ಒಂದೇ ಒಂದು, ಪೂರ್ತಿ ಬಿಚ್ಚಿ ಪೂರ್ತಿ ಸರಿ ಮಾಡ್ಬೇಕು. ಮರ್ತೋಗಿದೆಯೇನೋ ಅಂತ ಭಯ."

ಗುರುವಾರ ಅವರ ಓಣಿಗೆ ನೀರು ಬರಲಿಲ್ಲ. ಹಿಜಾಮ್ ಅವರ ಹೆಂಡತಿ ತಖಿಯ್ಯಾ ಮಸೀದಿಯ ನಲ್ಲಿಯ ಮುಂದೆ ಎರಡು ಹಳದಿ ಕ್ಯಾನ್ ಇಟ್ಟರು. ಅವರ ಸರದಿ ನಲವತ್ತೊಂದನೆಯದು. ಮೂವತ್ತಮೂರನೆಯದಕ್ಕೆ ನೀರು ನಿಂತಿತು.