ಕೊನೆಯ ರೀಲು ತಂದವನು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು ಎಷ್ಟೋ ಸಲ ಎದ್ದುಹೋಗಿದ್ದೇನೆ. ಕಣ್ಣು ಮಂಜಾಗಿದೆ, ಅಕ್ಷರ ಕಾಣುವುದಿಲ್ಲ ಎಂದು ನೆಪ ಹೇಳಿಕೊಳ್ಳುತ್ತಿದ್ದೆ. ಪೊರೆ ತೆಗೆಸಿದ ಮೇಲೆ ಆ ನೆಪವೂ ಕೈತಪ್ಪಿತು. ಆಮೇಲೆ, ಇಷ್ಟು ವರ್ಷದ ಹಿಂದಿನದು ಈಗ ಯಾರಿಗೆ ಬೇಕು ಎಂದುಕೊಂಡೆ. ಬೇಕಾದವರು ಒಬ್ಬರಿದ್ದಾರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಮುಂದೂಡುತ್ತಾ ಬಂದೆ. ಓದುವ ನಿಮ್ಮಲ್ಲಿ ನನ್ನದೊಂದೇ ಬಿನ್ನಹ. ನಡುನಡುವೆ ನಾನು ದಾರಿ ಬಿಟ್ಟು ಬೇರೆ ಏನೇನೋ ಹೇಳಿದರೆ ಸ್ವಲ್ಪ ತಾಳಿಕೊಳ್ಳಿ. ಹೇಳಬೇಕಾದ್ದರ ಹತ್ತಿರ ಬಂದಾಗೆಲ್ಲ ಪಕ್ಕಕ್ಕೆ ಸರಿಯುವುದು ನನ್ನ ಹಳೆಯ ಚಾಳಿ.

ಕಳೆದ ಭಾನುವಾರ ಮಧ್ಯಾಹ್ನ ಮೊಮ್ಮಗಳು ಕಿಟಕಿಯ ಬಳಿ ಕುಳಿತು ಉಗುರಿನ ಬಣ್ಣ ಅಳಿಸುತ್ತಿದ್ದಳು. ಆ ಪುಟ್ಟ ಸೀಸೆಯ ಮುಚ್ಚಳ ತೆಗೆದದ್ದೇ ತಡ, ಮೂಗಿಗೆ ತಣ್ಣಗೆ ಚುಚ್ಚುವ, ಕೊನೆಯಲ್ಲಿ ಸ್ವಲ್ಪ ಸಿಹಿಯಾಗುವ ಒಂದು ವಾಸನೆ ಮನೆ ತುಂಬಿತು. ಊಟ ಮಾಡಿ ತೂಕಡಿಸುತ್ತಿದ್ದವನು ಎದ್ದು ಕುಳಿತೆ. ಹರಿದ ಫಿಲ್ಮನ್ನು ಅಂಟಿಸಲು ನಾವು ಥಿಯೇಟರಿನಲ್ಲಿ ಬಳಸುತ್ತಿದ್ದ, ಸಿಮೆಂಟ್ ಎಂದು ಕರೆಯುತ್ತಿದ್ದ ಅಂಟಿಗೆ ಇದೇ ವಾಸನೆ. ಅದನ್ನು ಅವಳಿಗೆ ಹೇಳಿದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಮಾತು ಮಾತ್ರ ಹಿಂದಿಯ ಕಡೆಗೆ ಜಾರುತ್ತದೆ. ಯಾವ ಪಿಕ್ಚರ್ ನೆನಪಾಯಿತು ಎಂದು ಕೇಳಿದಳು. ಒಂದು ಚೀನೀ ಪಿಕ್ಚರ್, ಹೆಸರು ನೆನಪಿಲ್ಲ, ಇಬ್ಬರು ಕಳ್ಳರ ತಲೆಗೆ ಅವರು ಮಾಡದ ಕಳ್ಳತನ ಕಟ್ಟುತ್ತಾರೆ, ಒಬ್ಬ ದಪ್ಪ, ಒಬ್ಬ ಸಪೂರ ಎಂದೆ. ಹೊಡೆದಾಟವೂ ಹೌದು, ನಗೆಯೂ ಹೌದು. ಅವಳು ಒದ್ದೆ ಉಗುರಿನಲ್ಲೇ ಮೊಬೈಲ್ ಒತ್ತುತ್ತಾ ಹೋದಳು. ಅದೇ ದಪ್ಪ ಮುಖವನ್ನು ಅವಳು ನನ್ನ ಮುಂದೆ ಹಿಡಿದಾಗ, ನನ್ನನ್ನೇ ಯಾರೋ ಹುಡುಕಿಕೊಂಡು ಬಂದರೇನೋ ಅನ್ನಿಸಿತು.

ನಾನು ಆಪರೇಟರ್ ಆಗಿದ್ದೆ, ಎಂದರೆ ಥಿಯೇಟರಿನ ಕ್ಯಾಬಿನಿನಲ್ಲಿ ನಿಂತು ಯಂತ್ರ ನಡೆಸಿ ಪರದೆಗೆ ಚಿತ್ರ ಬಿಡುವವನು. ಪಿಕ್ಚರಿನ ಕೆಲಸ ಎಂದು ಬರೆದ ಕಾಗದ ನೋಡಿ ಉಡುಪಿ ಕಡೆಯ ನೆಂಟರು ನಾನು ಪಿಕ್ಚರಿನಲ್ಲೇ ಕಾಣಿಸಿಕೊಳ್ಳುತ್ತೇನೆಂದು ತಿಳಿದಿದ್ದರು. ನಾನು ತಿದ್ದಲಿಲ್ಲ. ಮದುವೆಯ ಮಾತು ಬಂದಾಗ ಹೆಣ್ಣಿನ ಕಡೆಯವರು ಕೇಳಿದ ಮೇಲೆಯೇ ನಿಜ ಹೇಳಿದ್ದು. ಆಪರೇಟರ್ ಆಗುವ ಮೊದಲು ಹಗಲು ಸೋದರಮಾವನ ಹೋಟೆಲಿನ ಗಲ್ಲೆಯ ಪಕ್ಕ ನಿಲ್ಲುವುದು, ಸಂಜೆ ಕನ್ನಡ ರಾತ್ರಿಶಾಲೆ. ಹೈಸ್ಕೂಲು ಮುಗಿಸಿದ್ದು ಅಲ್ಲಿಯೇ. ದಿನವಿಡೀ ಮಸಾಲೆ ರುಬ್ಬಿ, ಮೇಜು ಒರೆಸಿ ಬಂದವರು ಬೆಂಚಿನ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದರು. ನನ್ನ ಬೆಂಚಿನಲ್ಲಿ ನನ್ನನ್ನು ಚಿವುಟಿ ಎಬ್ಬಿಸುತ್ತಿದ್ದವನು ಒಬ್ಬನಿದ್ದ. ಅವನೂ ನಮ್ಮ ಕರಾವಳಿಯವನೇ. ನಾನು ಆಪರೇಟರ್ ಆದಾಗ ಅವನಿಗೂ ಅಲ್ಲೇ ಒಂದು ಕೆಲಸ ಕೊಡಿಸಿದೆ, ರೀಲು ತರುವ ಕೆಲಸ.

ಅದೆಂಥ ಕೆಲಸವೆಂದು ಈಗಿನವರಿಗೆ ಹೇಳಬೇಕು. ಹಳೆಯ, ಅಗ್ಗದ ವಿದೇಶಿ ಪಿಕ್ಚರ್ ಬಂದರೆ ಒಂದೇ ಪ್ರತಿಯನ್ನು ಅಂಧೇರಿಯ ಒಂದು ಥಿಯೇಟರೂ ಜೋಗೇಶ್ವರಿಯ ನಮ್ಮದೂ ಹಂಚಿಕೊಳ್ಳುತ್ತಿದ್ದವು. ಅಂಧೇರಿಯಲ್ಲಿ ಆಟ ಮೊದಲು ಶುರು. ಅಲ್ಲಿ ಒಂದು ರೀಲು ಮುಗಿದ ಕೂಡಲೇ ತಗಡಿನ ಡಬ್ಬಿಗೆ ಹಾಕಿ, ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು, ನಮ್ಮಲ್ಲಿ ಹಿಂದಿನ ರೀಲು ಮುಗಿಯುವ ಮೊದಲು ತಲುಪಿಸಬೇಕು. ನಡುವೆ ಜೋಗೇಶ್ವರಿಯ ರೈಲ್ವೆ ಫಾಟಕ್. ಅದು ಮುಚ್ಚಿದರೆ ಅವನು ಸೈಕಲನ್ನು ಅಲ್ಲೇ ಒರಗಿಸಿ, ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು ಸೇತುವೆ ಹತ್ತಿ ಓಡಿಬರುತ್ತಿದ್ದ. ಪರದೆಯ ಮುಂದೆ ಕುಳಿತವರಿಗೆ ಇದು ಯಾವುದೂ ಗೊತ್ತಿಲ್ಲ. ಅವರು ನಗುತ್ತಿದ್ದ ಪಿಕ್ಚರಿನ ಮುಂದಿನ ಭಾಗ ಆಗ ಎಸ್.ವಿ. ರೋಡಿನ ಬಸ್ಸುಗಳ ನಡುವೆ ಸೈಕಲ್ಲಿನ ಮೇಲೆ ಬರುತ್ತಿರುತ್ತಿತ್ತು.

ಬಿಡುವಿದ್ದಾಗ ಅವನು ಕ್ಯಾಬಿನಿಗೆ ಬಂದು ಕೆಲಸ ಕಲಿಯುತ್ತಿದ್ದ. ಆಪರೇಟರ್ ಆಗಬೇಕು, ಲೈಸೆನ್ಸ್ ತೆಗೆಯಬೇಕು, ಅದೊಂದೇ ಅವನ ಆಸೆ. ಗಣಪತಿ ಹಬ್ಬ ಕಳೆದ ಮೇಲೆ ನನ್ನ ಕೈಕೆಳಗೆ ಸಹಾಯಕನಾಗಿ ತೆಗೆದುಕೊಳ್ಳುತ್ತೇನೆಂದು ಮ್ಯಾನೇಜರ್ ಒಪ್ಪಿಯೂ ಇದ್ದ. ಆ ಮಳೆಗಾಲದ ಮೊದಲ ವಾರದಲ್ಲಿ ಅವನೊಮ್ಮೆ ಫಾಟಕಿನ ಹಳಿಯ ಮೇಲೆ ಸೈಕಲ್ ಜಾರಿ ಬಿದ್ದ. ಒಂದು ಡಬ್ಬಿಯ ಅಂಚು ನೆಗ್ಗಿತು, ಒಳಗಿನ ರೀಲಿಗೆ ಏನೂ ಆಗಿರಲಿಲ್ಲ. ಮೊಣಕೈಯ ರಕ್ತ ಒರೆಸಿಕೊಳ್ಳುತ್ತಾ ನನ್ನಲ್ಲಿ ಮಾತ್ರ ಹೇಳಿದ. ನಮ್ಮ ನಡುವಿನ ಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಮ್ಯಾನೇಜರಿಗೆ ಗೊತ್ತಾದರೆ ನನ್ನ ಹಬ್ಬ ಮುಗಿದ ಹಾಗೆಯೇ. ನಿನ್ನ ಹೊಟ್ಟೆಯಲ್ಲೇ ಇಟ್ಟುಕೋ ಮಾರಾಯ.”

ನನ್ನ ಹೊಟ್ಟೆ ದೊಡ್ಡದು, ಇಟ್ಟುಕೊಳ್ಳುತ್ತೇನೆ ಎಂದೆ.

ಆ ಚೀನೀ ಪಿಕ್ಚರ್ ಬಂದದ್ದು ಅದಾಗಿ ಕೆಲವು ವಾರಕ್ಕೆ. ಅದರ ಭಾಷೆ ಕ್ಯಾಂಟನೀಸ್ ಎಂದು ನನಗೆ ತಿಳಿದದ್ದು ಮೊನ್ನೆ, ಮೊಮ್ಮಗಳು ಹೇಳಿ. ಕೆಳಗೆ ಬಿಳಿ ಇಂಗ್ಲಿಷ್ ಅಕ್ಷರ ಓಡುತ್ತಿತ್ತು. ನಮ್ಮ ಪ್ರೇಕ್ಷಕರೆಂದರೆ ಸುತ್ತಲಿನ ಸಣ್ಣ ಕಾರ್ಖಾನೆಗಳವರು, ಅವರಿಗೆ ಎರಡೂ ಒಂದೇ. ಆದರೂ ಒಬ್ಬರಿಗೂ ಕತೆ ತಪ್ಪಲಿಲ್ಲ. ಆ ಇಬ್ಬರೂ ಕಳ್ಳರೇ, ಅದರಲ್ಲಿ ಸಂಶಯವಿಲ್ಲ. ಬಟ್ಟೆ ಒಣಗಿಸಿದ ತಂತಿಯಿಂದ ಅಂಗಿ ಕದಿಯುತ್ತಾರೆ, ಮದುವೆಮನೆಗೆ ನುಗ್ಗಿ ಬಾತುಕೋಳಿ ಕದಿಯುತ್ತಾರೆ. ಬಿಳಿ ಕೋಟಿನ ಒಬ್ಬ ಶ್ರೀಮಂತ ತಾನೇ ಒಂದು ಹಸಿರು ಕಲ್ಲಿನ ಮೂರ್ತಿಯನ್ನು ಬಚ್ಚಿಟ್ಟು ಇವರ ಮೇಲೆ ಹಾಕುತ್ತಾನೆ. ಇವರು ನಾವಲ್ಲ ಎಂದು ಬಾಯಿ ಬಡಿದುಕೊಂಡಷ್ಟೂ ಪೊಲೀಸರು ನಗುತ್ತಾರೆ. ಅಂಗಿ ಕದ್ದವರು ಮೂರ್ತಿ ಕದಿಯುವುದಿಲ್ಲವೇ?

ನಟರ ಹೆಸರು ಯಾರಿಗೂ ಗೊತ್ತಿರಲಿಲ್ಲ, ಜನರೇ ಇಟ್ಟರು. ದಪ್ಪಗಿದ್ದವನು ಮೋಟಾ. ಅಷ್ಟು ದೊಡ್ಡ ದೇಹ ಗೋಡೆಯ ಮೇಲಿಂದ ಬೆಕ್ಕಿನ ಹಾಗೆ ಸದ್ದಿಲ್ಲದೆ ಇಳಿಯುತ್ತಿತ್ತು. ಸಪೂರದವನು ಸೂಖಾ, ಅವನು ಹೆದರಿದರೆ ಕಿವಿಗಳು ತಾವಾಗಿ ಅಲುಗುತ್ತಿದ್ದವು. ಮಡಚಿದ ಕೊಡೆಯೊಂದರಿಂದ ಗೂಂಡಾಗಳ ದಂಡನ್ನೇ ಉರುಳಿಸುವ ಹೆಂಗಸಿಗೆ ಛತ್ರಿವಾಲಿ ಎಂದು ಹೆಸರು, ಅವಳು ಬಂದರೆ ಶಿಳ್ಳೆ ನಿಲ್ಲುತ್ತಿರಲಿಲ್ಲ. ನನ್ನ ಗೆಳೆಯ ಅಂಧೇರಿಯ ಕ್ಯಾಬಿನಿನಲ್ಲಿ ಕಾಯುತ್ತಾ ಮುಂದಿನ ಭಾಗ ಮೊದಲೇ ನೋಡಿರುತ್ತಿದ್ದ. ಪಿಕ್ಚರ್ ಶುರುವಾದ ಆ ಶುಕ್ರವಾರ, ಮೊದಲ ಆಟವಾದ ಮ್ಯಾಟಿನಿಗೆ, ಕೊನೆಯ ರೀಲಿನ ಡಬ್ಬಿಯನ್ನು ಗೋಣಿಯಲ್ಲಿ ಸುತ್ತಿ, ತನ್ನ ರೇನ್‌ಕೋಟನ್ನೂ ಅದಕ್ಕೇ ಹೊದಿಸಿ, ತಾನು ಪೂರಾ ನೆನೆದು ಬಂದು ನಿಂತ.

“ಕೊನೆ ಏನಾಗ್ತದೆ ಅಂತ ಹೇಳಲಾ?”

“ಹೇಳಿದರೆ ಒದೆ ತಿಂತಿ.”

“ಹಾಗಾದರೆ ನೀನೇ ನೋಡು. ಮೋಟಾ ಒಂದು ಹಾರು ಹಾರ್ತಾನೆ, ನನಗೆ ಇಲ್ಲಿ ಉಂಟು ಇನ್ನೂ,” ಎಂದು ಎದೆ ಮುಟ್ಟಿಕೊಂಡ. ಆಮೇಲೆ ಮುಗಿದ ರೀಲುಗಳನ್ನು ಕಟ್ಟಿಕೊಂಡು ಮುಂದಿನ ಆಟಕ್ಕೆಂದು ಅಂಧೇರಿಗೆ ಹೊರಟುಹೋದ.

ಬೇರೆ ಕ್ಯಾಬಿನಿನಿಂದ ಬಂದ ರೀಲನ್ನು ಕೈಯಿಂದ ಹಿಂದಕ್ಕೆ ಸುತ್ತಬೇಕು. ಒಂದು ಕೈ ಹಿಡಿಕೆ ತಿರುಗಿಸುವಾಗ ಇನ್ನೊಂದು ಕೈಯ ಬೆರಳುಗಳು ಫಿಲ್ಮಿನ ಎರಡು ಅಂಚನ್ನೂ ಸವರುತ್ತಿರಬೇಕು. ಎಲ್ಲಿ ಹರಿದಿದೆ, ಎಲ್ಲಿ ಅಂಟು ಬಿಟ್ಟಿದೆ ಎಂದು ಬೆರಳಿಗೆ ಮಾತ್ರ ತಿಳಿಯುತ್ತದೆ. ಇದನ್ನು ಅವನಿಗೆ ಕಲಿಸಿದವನೇ ನಾನು. ಅಂದು ನನ್ನ ಇನ್ನೊಂದು ಕೈಯಲ್ಲಿ ಚಹಾದ ಗ್ಲಾಸಿತ್ತು. ಕಣ್ಣು ಪರದೆಯ ಕಡೆಗಿನ ಕಿಂಡಿಯಲ್ಲಿತ್ತು, ಸೂಖಾನ ಕಿವಿ ನೋಡಿ ನಗುತ್ತಿದ್ದೆ. ಹಾಗೆಯೇ ಸುತ್ತಿ ಯಂತ್ರಕ್ಕೆ ಹಾಕಿದೆ. ಸ್ವಲ್ಪ ಓಡಿತು. ಕಳ್ಳರನ್ನು ಜೈಲಿನ ವ್ಯಾನಿಗೆ ಹತ್ತಿಸುವಾಗ ಒಂದು ಹಳೆಯ ಜೋಡಣೆ ಬಿಟ್ಟಿತು, ಫಿಲ್ಮು ದೀಪದ ಮುಂದೆ ನಿಂತುಬಿಟ್ಟಿತು. ಪರದೆಯ ಮೇಲೆ ಮೋಟಾನ ಮುಖ ನಡುವಿನಿಂದ ಕಂದಾಗಿ, ಗುಳ್ಳೆ ಎದ್ದು, ಕರಗಿಹೋಯಿತು. ಯಂತ್ರ ನಿಲ್ಲಿಸುವ ಬದಲು ಗಾಬರಿಯಲ್ಲಿ ಫಿಲ್ಮನ್ನೇ ಎಳೆದೆ. ಯಂತ್ರದ ಚಕ್ರದ ಹಲ್ಲಿಗೆ ಸಿಕ್ಕಿ ಉದ್ದಕ್ಕೂ ಸೀಳಿತು. ಕೆಳಗೆ ಕುರ್ಚಿ ಮುರಿಯುವ ಸದ್ದು ಕೇಳುತ್ತಿತ್ತು.

ಮ್ಯಾನೇಜರ್ ಮೆಟ್ಟಿಲು ಹತ್ತಿ ಬಂದ. ಕೆಟ್ಟ ಮನುಷ್ಯನಲ್ಲ, ಆದರೆ ಪ್ರತಿ ಹಾಳಾದರೆ ಯಾರಾದರೊಬ್ಬರ ತಲೆ ಹೋಗಲೇಬೇಕಿತ್ತು. ನನ್ನ ನೌಕರಿ ಕಾಯಂ ಆಗಿ ವರ್ಷ ತುಂಬಿರಲಿಲ್ಲ, ಮದುವೆ ಗೊತ್ತಾಗಿತ್ತು. ಹೇಗಾಯಿತು ಎಂದು ಕೇಳಿದ. ನನ್ನ ಬಾಯಿಂದ ಬಂದದ್ದು ಇಷ್ಟು:

“ಡಬ್ಬಾ ಗಿರಾ ಹೋಗಾ, ಸಾಬ್.”

ಡಬ್ಬಿ ಬಿದ್ದಿರಬೇಕು. ಮೊದಲೂ ಬೀಳಿಸಿದ್ದನೇ ಎಂದು ಅವನು ಕೇಳಿದ. ನಾನು ಹೂಂ ಎಂದೆ. ದೊಡ್ಡ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನು ಹೊರಗೆ ತೆಗೆಯಲು ಅಷ್ಟೇ ಸಾಕಾಯಿತು. ನೆಗ್ಗಿದ ಡಬ್ಬಿ ಅಲ್ಲೇ ಮೂಲೆಯಲ್ಲಿತ್ತು, ಬೇರೆ ಪಿಕ್ಚರಿನದು. ಅದನ್ನೇ ಬೆರಳಿನಲ್ಲಿ ತೋರಿಸಿದೆ.

ಸಂಜೆ ನನ್ನ ಗೆಳೆಯನನ್ನು ಕರೆಸಿದರು. ಹಿಂದೆ ಬಿದ್ದದ್ದು ಹೌದೇ ಎಂದು ಕೇಳಿದಾಗ ಹೌದು ಎಂದ, ಸುಳ್ಳು ಹೇಳಲು ಬರುತ್ತಿರಲಿಲ್ಲ. ಇವತ್ತು ಬಿದ್ದಿಲ್ಲ ಎಂದೂ ಹೇಳಿದ, ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಲೆಕ್ಕ ಮುಗಿಸಿ ಕಳಿಸಿದರು. ಹೊರಡುವ ಮೊದಲು ಕ್ಯಾಬಿನಿಗೆ ಬಂದ. ಜಗಳಕ್ಕೆ ಬಂದನೆಂದು ನಾನು ಯಂತ್ರದ ದೀಪಕ್ಕೆ ಕಾರ್ಬನ್ ಕಡ್ಡಿ ಜೋಡಿಸುವ ನೆಪದಲ್ಲಿ ಬೆನ್ನು ಮಾಡಿ ನಿಂತೆ.

“ಹಾಕುವ ಮೊದಲು ಬೆರಳಿನಲ್ಲಿ ನೋಡಿದ್ದೆಯಾ?” ಎಂದು ಕೇಳಿದ.

“ನೋಡಿದ್ದೆ,” ಎಂದೆ.

“ನೀನು ನೋಡಿದ್ದೀ ಅಂದರೆ ಸರಿಯೇ. ಹಾಗಾದರೆ ನಾನೇ ಎಲ್ಲೋ ತಾಗಿಸಿರಬೇಕು. ನನಗೆ ಗೊತ್ತಾಗಲಿಲ್ಲ ಮಾರಾಯ.”

ಅವನು ನನ್ನನ್ನು ಬೈದಿದ್ದರೆ ಈ ಪ್ರಬಂಧ ಬರೆಯುವ ಅಗತ್ಯವೇ ಬರುತ್ತಿರಲಿಲ್ಲವೇನೋ. ನೌಕರಿ ಹೋದರೆ ಇನ್ನೊಂದು ಸಿಕ್ಕೀತು. ತನ್ನ ಕೈಯ ಮೇಲೆ ಅವನಿಗಿದ್ದ ನಂಬಿಕೆಯನ್ನು ನಾನು ತೆಗೆದುಕೊಂಡುಬಿಟ್ಟೆ. ಸತ್ತ ಮೀನಿನ ಹಾಗೆ ಸೀಳಿ ಬಿದ್ದಿದ್ದ ಆ ರೀಲಿಗಿಂತ ನನ್ನ ಮಾತು ಅವನಿಗೆ ದೊಡ್ಡದಾಗಿತ್ತು.

ಅವನನ್ನು ಮತ್ತೆ ಕಂಡದ್ದು ಬಹಳ ವರ್ಷಗಳ ನಂತರ. ಯಂತ್ರದ ಒಂದು ಬಿಡಿಭಾಗ ಮಾಡಿಸಲು ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿಗೆ ಹೋಗಿದ್ದೆ. ಹಸಿವಾಗಿ ಹತ್ತಿರದ ಉಡುಪಿ ಹೋಟೆಲಿಗೆ ನುಗ್ಗಿದೆ. ನಮ್ಮ ಹೋಟೆಲುಗಳ ವೈಟರುಗಳಿಗೆ ಒಂದು ಹೆಮ್ಮೆಯುಂಟು, ಮೊಣಕೈವರೆಗೂ ದೋಸೆ ತಟ್ಟೆಗಳನ್ನು ಸಾಲಾಗಿ ಜೋಡಿಸಿಕೊಂಡು ಬರುವುದು. ಅಲ್ಲಿ ಒಬ್ಬ ಮಾತ್ರ ಒಂದೇ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಅದನ್ನೇ ನೋಡುತ್ತಾ ಬರುತ್ತಿದ್ದ. ಧಣಿ ಗಲ್ಲೆಯಿಂದಲೇ, ದೇವರ ಆರತಿ ಬಂತು, ದಾರಿ ಬಿಡಿ ಎಂದು ಹಾಸ್ಯ ಮಾಡಿದ. ತಟ್ಟೆ ಇಟ್ಟು ತಲೆಯೆತ್ತಿದಾಗ ಗುರುತಾಯಿತು. ಅವನ ಮುಖ ಅರಳಿತು. ನನ್ನ ಕೈ ಹಿಡಿದು ಧಣಿಯ ಬಳಿಗೆ ಕರೆದೊಯ್ದು, ಇವರು ನನ್ನ ಗುರು ಎಂದು ಪರಿಚಯ ಮಾಡಿದ. ಮೇಜಿಗೆ ಮರಳಿದ ಮೇಲೆ, ಒಂದೊಂದೇ ತಟ್ಟೆ ಯಾಕೆ ಎಂದು ನಾನೇ ಕೇಳಿದೆ, ಕೇಳಬಾರದಿತ್ತು.

“ನನ್ನ ಕೈ ನಿನಗೆ ಗೊತ್ತುಂಟಲ್ಲ,” ಎಂದು ನಕ್ಕ. ನಗು ನಿಂತ ಮೇಲೆ ಮೆಲ್ಲಗೆ ಹೇಳಿದ, “ಆ ದಿನ ನನ್ನಿಂದಾಗಿ ನೀನೂ ಬೈಸಿಕೊಂಡೆ. ಒಮ್ಮೆ ಸಿಕ್ಕಿದರೆ ಹೇಳಬೇಕು ಅಂತಿದ್ದೆ. ತಪ್ಪಾಯ್ತು ಮಾರಾಯ.”

ಮುಂದೆ ಕಾಫಿ ಹಬೆಯಾಡುತ್ತಿತ್ತು. ಎದುರಿಗೆ ಅವನು ನಿಂತಿದ್ದ. ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಯಾವ ಮನುಷ್ಯನಿಗೂ ಸಿಕ್ಕಲಾರದು. ನಾನು ಅವನ ಭುಜ ತಟ್ಟಿ, ಇರಲಿ ಬಿಡು, ಆಗಿಹೋದದ್ದು ಎಂದೆ. ಎಂದರೆ, ನಾನು ಅವನನ್ನು ಕ್ಷಮಿಸಿದೆ.

ಮತ್ತೊಮ್ಮೆ ಕಾಂದಿವಲಿಗೆ ಹೋಗುವ ಧೈರ್ಯ ಬರುವಷ್ಟರಲ್ಲಿ ಆ ಹೋಟೆಲು ಇರಲಿಲ್ಲ. ಅವನು ವಿರಾರ್ ಕಡೆ ಮಗನ ಮನೆಗೆ ಹೋದನೆಂದು ಪಕ್ಕದ ಪಾನಿನ ಅಂಗಡಿಯವನು ಹೇಳಿದ. ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ.

ಭಾನುವಾರ ಮೊಮ್ಮಗಳ ಪಕ್ಕ ಕುಳಿತು ಆ ಪಿಕ್ಚರನ್ನು ಪೂರ್ತಿ ನೋಡಿದೆ. ಆ ಕೊನೆಯ ಭಾಗವನ್ನು ನಾನು ನೋಡಿರಲೇ ಇಲ್ಲ, ಮರುದಿನವೇ ಥಿಯೇಟರಿಗೆ ಬೇರೆ ಪಿಕ್ಚರ್ ಬಂದಿತ್ತು. ಮೋಟಾ ಜೈಲಿನ ವ್ಯಾನಿನಿಂದ ಹಾರಿದ. ದೊಡ್ಡ ಹಾರಾಟವೇ. ಕೊನೆಗೆ ಛತ್ರಿವಾಲಿಯ ಒಂದು ಏಟಿಗೆ ಬಿಳಿ ಕೋಟಿನೊಳಗಿಂದ ಹಸಿರು ಮೂರ್ತಿ ಉರುಳಿಬಿತ್ತು, ಎಲ್ಲರೂ ನಕ್ಕರು, ಕಳ್ಳರನ್ನು ಬಿಟ್ಟುಬಿಟ್ಟರು. ಬಿಳಿ ಕೋಟಿನವನು ಒಂದು ಮಾತೂ ಆಡಲಿಲ್ಲ.

“ಅಜ್ಜ, ಉನ್ಕೋ ಕಿಸೀನೇ ಸಾರಿ ಭೀ ನಹೀ ಬೋಲಾ,” ಎಂದಳು ಮೊಮ್ಮಗಳು. ಆ ಕಳ್ಳರಿಗೆ ಯಾರೂ ಒಂದು ಸಾರಿ ಕೂಡ ಹೇಳಲಿಲ್ಲವಲ್ಲ ಎಂದು ಅವಳ ತಕರಾರು.

ಪರದೆಯ ಮೇಲೆ ನಟರ ಹೆಸರುಗಳು ಏರುತ್ತಿದ್ದವು. ಅವಳು ಒಂದೊಂದಾಗಿ ಹುಡುಕಿ ಓದಿದಳು. ಮೋಟಾ ಹೋಗಿಬಿಟ್ಟಿದ್ದನಂತೆ. ಛತ್ರಿವಾಲಿ ಇದ್ದಾಳೆ, ಅಜ್ಜಿಯಾಗಿದ್ದಾಳೆ. ಆಮೇಲೆ, ಇದು ನೀನು ಹೇಳುತ್ತಿದ್ದ ಪಿಕ್ಚರ್ ತಾನೆ, ಆ ಡಬ್ಬಿ ಬೀಳಿಸಿದವನ ಕತೆ ಎಂದು ನಕ್ಕಳು. ಹೌದು, ನಮ್ಮ ಮನೆಯಲ್ಲಿ ಅದೊಂದು ತಮಾಷೆಯ ಕತೆ. ಮಕ್ಕಳಿಗೆ ಹೇಳಿದ್ದೆ, ಮೊಮ್ಮಕ್ಕಳಿಗೂ ಹೇಳಿದ್ದೆ. ರೀಲಿನವನು ಬಿದ್ದ, ರೀಲು ಹರಿಯಿತು, ಜನ ಕುರ್ಚಿ ಮುರಿದರು. ಹೇಳಿದಾಗೆಲ್ಲ ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ.

“ಅವನು ಬೀಳಿಸಲಿಲ್ಲ,” ಎಂದೆ. “ನಾನು ನೋಡದೆ ಹಾಕಿದೆ. ನಾನೇ ಹರಿದೆ. ಅವನ ಮೇಲೆ ಹಾಕಿದೆ.”

ಅವಳು ಮೊಬೈಲನ್ನು ಕೆಳಗಿಟ್ಟಳು. ಬೈಯುತ್ತಾಳೆಂದುಕೊಂಡೆ. ಅವಳು ಕೇಳಿದ್ದು ಇಷ್ಟೇ: “ಅವರ ಹೆಸರು ಏನಜ್ಜ?”

ಇಷ್ಟು ವರ್ಷ ಹೇಳಿದ ಕತೆಯಲ್ಲಿ ಅವನಿಗೆ ನಾನು ಹೆಸರನ್ನೇ ಕೊಟ್ಟಿರಲಿಲ್ಲ. ಅವಳಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ವಿರಾರಿನಲ್ಲಿ ಯಾರಾದರೂ ಇದನ್ನು ಓದಿದರೆ, ಅವನಿಗೆ, ಅವನಿಲ್ಲದಿದ್ದರೆ ಅವನ ಮಗನಿಗೆ ತಲುಪಿಸಿ. ಆ ಶುಕ್ರವಾರ, ಆ ಮಳೆಯಲ್ಲಿ, ಕೊನೆಯ ರೀಲನ್ನು ಹೊತ್ತಿಗೆ ಸರಿಯಾಗಿ, ಒಂದು ಹನಿಯೂ ತಾಗದ ಹಾಗೆ, ಒಂದು ಗೀರೂ ಇಲ್ಲದೆ ನನ್ನ ಕೈಗೆ ತಂದುಕೊಟ್ಟವನು ಸಂಜೀವ ಮೂಲ್ಯ.